ಎಪ್ಪತ್ತೊಂಬತ್ತು ರೂಪಾಯಿ ಯಾಕೆ ತುಟ್ಟಿ?

ಕಡಿಮೆ ರೊಕ್ಕದಲ್ಲಿ ಅನಿಮೆ ನೋಡುವುದು, ವಿಡಿಯೋ ಗೇಮ್ ಆಡುವುದು ಹೇಗೆ ಅಂತ ಕೇಳಿದರೆ ಇವತ್ತು ಯಾರು ಬೇಕಾದರೂ ಐದು ನಿಮಿಷದಲ್ಲಿ ಉತ್ತರ ಕೊಡುತ್ತಾರೆ. ಜಪಾನಿನ ಅನಿಮೆಗಳಿಗೆಂದೇ ಇರುವ ಕ್ರಂಚಿರೋಲ್ 2022ರಲ್ಲಿ ಭಾರತಕ್ಕಾಗಿ ತನ್ನ ಚಂದಾವನ್ನು ತಿಂಗಳಿಗೆ 79 ರೂಪಾಯಿಗೆ ಇಳಿಸಿತು. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಮೊಬೈಲ್ ಚಂದಾವನ್ನು 149 ರೂಪಾಯಿಗೆ ತಂದಿತು. ಮ್ಯೂಸ್ ಏಷ್ಯಾ ಎಂಬ ಯೂಟ್ಯೂಬ್ ಚಾನೆಲ್ ಎಷ್ಟೋ ಸರಣಿಗಳನ್ನು ಹಕ್ಕು ಪಡೆದುಕೊಂಡೇ ಪುಕ್ಕಟೆ ತೋರಿಸುತ್ತದೆ. ಗೇಮ್ ಮಾರುವ ಸ್ಟೀಮ್ 2015ರಿಂದ ರೂಪಾಯಿಯಲ್ಲಿ ಬೆಲೆ ಹಾಕುತ್ತದೆ. ರಿಯಾಯಿತಿಯ ದಿನಗಳಲ್ಲಿ ಒಳ್ಳೊಳ್ಳೆಯ ಆಟಗಳು ನೂರು-ಇನ್ನೂರಕ್ಕೆ ಸಿಗುತ್ತವೆ. ಎಪಿಕ್ ಎಂಬ ಇನ್ನೊಂದು ಅಂಗಡಿ 2018ರ ಕೊನೆಯಿಂದ ಆಟಗಳನ್ನು ಪುಕ್ಕಟೆ ಹಂಚುತ್ತ ಬಂದಿದೆ, 2020ರ ಮೇ ತಿಂಗಳಲ್ಲಿ ಜಿಟಿಎ 5 ಅನ್ನೇ ಹಂಚಿತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾದ ಚಿಂತೆಯೂ ಅರ್ಧ ಕಡಿಮೆಯಾಯಿತು. ಈ ಲೆಕ್ಕದ ಪ್ರಕಾರ ಬನಹಟ್ಟಿಯ ಹುಡುಗನೊಬ್ಬ ದಿನಕ್ಕೆ ಒಂದು ಚಹಾದ ರೊಕ್ಕವೂ ಇಲ್ಲದೆ ಜಪಾನನ್ನು ಮನೆಗೆ ತಂದುಕೊಳ್ಳಬಹುದು.

ಈ ಲೆಕ್ಕ ಸುಳ್ಳಲ್ಲ, ಆದರೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಬಿಟ್ಟುಹೋಗಿದೆ. ಇದೆಲ್ಲ ಸಿಗುವುದು ಇಂಗ್ಲಿಷಿನಲ್ಲಿ, ಕೆಲವು ಹಿಂದಿಯಲ್ಲಿ, ಈಚೆಗೆ ಒಂದಷ್ಟು ತಮಿಳು, ತೆಲುಗಿನಲ್ಲಿ. ಕನ್ನಡದಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಏನೂ ಇಲ್ಲ. ಸಬ್‌ಟೈಟಲ್ ಓಡುವ ವೇಗದಲ್ಲಿ ಇಂಗ್ಲಿಷ್ ಓದಲು ಬರಬೇಕಾದರೆ ಎಷ್ಟು ವರ್ಷದ ಶಾಲೆ, ಎಂಥ ಶಾಲೆ, ಎಷ್ಟು ಫೀ ಬೇಕು ಎಂಬುದನ್ನು ಈ ಎಪ್ಪತ್ತೊಂಬತ್ತರ ಜೊತೆ ಕೂಡಿಸಿ ನೋಡಿ. ನಮ್ಮ ಕಡೆಯ ಅಭಿಮಾನಿಗೆ ಚಂದಾ ತುಟ್ಟಿಯಲ್ಲ, ಫೋನೂ ಈಗ ತುಟ್ಟಿಯಲ್ಲ, ಭಾಷೆ ತುಟ್ಟಿ. ಬಡ ಅಭಿಮಾನಿಯ ಬಜೆಟ್ಟಿನ ಪ್ರಶ್ನೆ ಮೂಲದಲ್ಲಿ ಕನ್ನಡದ ಪ್ರಶ್ನೆ. ಇದನ್ನು ಕನ್ನಡದ ಹೆಸರಿನಲ್ಲಿ ಮಾತಾಡುವವರೇ ಕೇಳಿಸಿಕೊಂಡಿಲ್ಲ ಎಂಬುದು ನನ್ನ ತಕರಾರು.

ನಾನು ರಬಕವಿಯವಳು. ಮನೆಯಲ್ಲಿ ಪವರ್‌ಲೂಮ್ ಸದ್ದಿನ ನಡುವೆ ಬೆಳೆದು, ಈಗ ನಮ್ಮ ಸೀಮೆಯ ಸಣ್ಣಾಟ, ಪಾರಿಜಾತಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಶಿಷ್ಯವೇತನ ಬಂದಾಗ ಬರುತ್ತದೆ, ಬಾರದಿದ್ದಾಗ ತಿಂಗಳುಗಟ್ಟಲೆ ಬರುವುದಿಲ್ಲ. ಹಾಗಾಗಿ ಕಡಿಮೆ ರೊಕ್ಕದ ಅಭಿಮಾನ ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. 2005ರ ಆಸುಪಾಸಿನಲ್ಲಿ ನಮ್ಮ ಓಣಿಯ ಮಕ್ಕಳಿಗೆ ಹಿಂದಿ ಕಲಿಸಿದ್ದು ಶಾಲೆಯಲ್ಲ, ಹಂಗಾಮಾ ಚಾನೆಲ್ಲಿನ ಡೋರೆಮಾನ್. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಬಾರದ ಮಕ್ಕಳು ನೋಬಿತಾನ ಹಿಂದಿಯಲ್ಲಿ ಜಗಳವಾಡುತ್ತಿದ್ದವು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬಿಸಿಕೊಳ್ಳುವ ಕಾಲ ಬಂತು. ಹಾಡು, ಸಿನಿಮಾ, ನಡುವೆ ನಾಲ್ಕು ಕಂತು ನರೂಟೊ, ಅದೂ ಹಿಂದುಮುಂದಾಗಿ. ಮುಧೋಳದಲ್ಲಿರುವ ನನ್ನ ಚಿಕ್ಕಪ್ಪನ ಮಗ ಎಷ್ಟೋ ಸರಣಿಗಳನ್ನು ಹೀಗೆ ನೋಡಿದ. ಚಿತ್ರ ನೋಡಿ ಕಥೆಯನ್ನು ತಾನೇ ಕಟ್ಟಿಕೊಂಡ, ಕಟ್ಟಿಕೊಂಡದ್ದನ್ನು ಗೆಳೆಯರಿಗೆ ಹೇಳಿದ.

ಆ ಹುಡುಗ ಆಡುವ ಆಟಗಳನ್ನು ನೋಡಿದಾಗ ನನಗೆ ಒಂದು ಸಂಗತಿ ಹೊಳೆಯಿತು. ಫ್ರೀ ಫೈರ್, ಬಿಜಿಎಂಐ, ಕಾರ್ ರೇಸು, ಕ್ರಿಕೆಟ್ಟು, ಇವೇ. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತ ಕಾಲೇಜು ಹುಡುಗರ ಫೋನುಗಳಲ್ಲಿಯೂ ಇವೇ. ಹಿರಿಯರು ಬೈಯುತ್ತಾರೆ: ಈಗಿನ ಹುಡುಗರಿಗೆ ಗುಂಡು ಹೊಡೆಯುವುದೇ ರುಚಿ ಅಂತ. ಯಾಕೆ ಅಂತ ಯಾರೂ ಕೇಳಲಿಲ್ಲ. ಗುಂಡು ಹೊಡೆಯಲು ಭಾಷೆ ಬೇಡ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಬೆರಳಿಗೆ ಗೊತ್ತಾದರೆ ಸಾಕು. ಕಥೆ ಇರುವ, ಮಾತು ಇರುವ, ನಿಂತು ಯೋಚಿಸಬೇಕಾದ ಆಟಗಳ ಬಾಗಿಲಿನಲ್ಲಿ ಇಂಗ್ಲಿಷ್ ಕಾವಲು ನಿಂತಿದೆ. ನಮ್ಮ ಹುಡುಗರ ರುಚಿ ಕೆಟ್ಟಿಲ್ಲ, ಅವರಿಗೆ ಬಡಿಸಿದ್ದೇ ಅಷ್ಟು.

ಇದನ್ನು ಹೀಗೇ ಊಹಿಸಿ ಹೇಳುತ್ತಿಲ್ಲ. ಲೂಕಸ್ ಪೋಪ್ ಎಂಬಾತ 2013ರಲ್ಲಿ ಮಾಡಿದ ‘ಪೇಪರ್ಸ್, ಪ್ಲೀಸ್’ ಎಂಬ ಆಟವಿದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುವಂಥದ್ದು. ಒಂದು ಕಲ್ಪಿತ ದೇಶದ ಗಡಿ ಚೌಕಿಯಲ್ಲಿ ಕೂತು ಬಂದವರ ಕಾಗದಪತ್ರ ನೋಡಿ ಒಳಗೆ ಬಿಡುವುದು ಅಥವಾ ವಾಪಸ್ ಕಳಿಸುವುದು ಆಟಗಾರನ ಕೆಲಸ. ಎಷ್ಟು ಜನರನ್ನು ಸರಿಯಾಗಿ ನೋಡಿದಿರೋ ಅಷ್ಟಕ್ಕೆ ಸಂಬಳ, ತಪ್ಪುಗಳು ಹೆಚ್ಚಾದರೆ ದಂಡ. ದಿನದ ಕೊನೆಗೆ ಬಾಡಿಗೆ ಕಟ್ಟಿ, ಉಳಿದದ್ದರಲ್ಲಿ ಮನೆಯವರಿಗೆ ಊಟವೋ, ಚಳಿಗೆ ಬೆಂಕಿಯೋ, ಕಾಯಿಲೆಗೆ ಔಷಧಿಯೋ ಎಂದು ತೀರ್ಮಾನಿಸಬೇಕು. ಲಂಚ ತೆಗೆದುಕೊಂಡರೆ ಮಗ ಉಳಿಯಬಹುದು, ತೆಗೆದುಕೊಳ್ಳದಿದ್ದರೆ ಮನಸ್ಸು ಉಳಿಯಬಹುದು. ಚಿಕ್ಕಪ್ಪನ ಮಗನ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಎರಡನೆಯ ದಿನದ ಲೆಕ್ಕಕ್ಕೆ ಬಂದಾಗ ಅವನು ಹೇಳಿದ: “ಅಕ್ಕಾ, ಇದು ನಮ್ಮ ಮನೀ ಲೆಕ್ಕನ ಐತಲ್ಲ!” ಸೀರೆಗೆ ಇಷ್ಟು ಮಜೂರಿ, ನೇಯ್ಗೆಯಲ್ಲಿ ದೋಷ ಕಂಡರೆ ಇಷ್ಟು ಕಡಿತ ಎಂಬ ಮನೆಯಿಂದ ಬಂದವನಿಗೆ ಆ ಆಟ ಯಾವ ವಿಮರ್ಶಕನಿಗಿಂತ ಚೆನ್ನಾಗಿ ಅರ್ಥವಾಯಿತು. ಅವನಿಗೆ ಬೇಕಿದ್ದದ್ದು ನಾನು ಪಕ್ಕದಲ್ಲಿ ಕೂತು ಹೇಳಿದ ಕನ್ನಡ ಮಾತ್ರ.

ಇನ್ನೊಂದು ಉದಾಹರಣೆ ಬೀಳಗಿಯದು. ಇಸಾವೊ ತಕಹಾಟ 1994ರಲ್ಲಿ ‘ಪೋಮ್ ಪೋಕೋ’ ಎಂಬ ಅನಿಮೆ ಚಿತ್ರ ಮಾಡಿದ. ಟೋಕಿಯೋ ಪಕ್ಕದ ಗುಡ್ಡಗಳನ್ನು ಕಡಿದು ಬಡಾವಣೆ ಮಾಡುವಾಗ ಅಲ್ಲಿದ್ದ ತನುಕಿ ಎಂಬ ಪ್ರಾಣಿಗಳು ತಮ್ಮ ನೆಲ ಉಳಿಸಿಕೊಳ್ಳಲು ಹೆಣಗುವ ಕಥೆ. ಕೊನೆಯಲ್ಲಿ ಸೋತ ತನುಕಿಗಳು ತಮ್ಮ ಉಳಿದ ಮಾಯಾಶಕ್ತಿಯನ್ನೆಲ್ಲ ಸುರಿದು ಆ ಜಾಗ ಹಿಂದೆ ಹೇಗಿತ್ತೋ ಹಾಗೆ ಒಂದು ಗಳಿಗೆ ತೋರಿಸುತ್ತವೆ. ಹೊಲ, ಹಳ್ಳ, ದಾರಿ, ಸತ್ತುಹೋದ ಮಂದಿ. ಬೀಳಗಿ ತಾಲೂಕಿನ ನನ್ನ ಗೆಳತಿಯ ಆಯಿಗೆ ಇದನ್ನು ತೋರಿಸಿದೆವು. ಆಲಮಟ್ಟಿಯ ಹಿನ್ನೀರಿನಲ್ಲಿ ಅವರ ಊರು ಮುಳುಗಿದೆ. ಇಲ್ಲೂ ನಾವೇ ದುಭಾಷಿಗಳು. ಆ ದೃಶ್ಯ ಬಂದಾಗ ಆಯಿ ಪರದೆಯನ್ನೇ ನೋಡುತ್ತ, “ನಮ್ಮೂರನೂ ಹಿಂಗ ಒಮ್ಮೆ ತೋರಸ್ತಾರೇನ ಕೇಳವಾ” ಅಂದರು. ಇಂಥ ಪ್ರೇಕ್ಷಕರು ಕೃಷ್ಣೆ, ಘಟಪ್ರಭೆಗಳ ದಂಡೆಯ ಮೇಲೆ ಊರೂರಿಗೂ ಇದ್ದಾರೆ. ಅವರ ಮನೆಮನೆಗೆ ನಾವು ದುಭಾಷಿಗಳಾಗಿ ಹೋಗಿ ಕೂಡಲಾಗುವುದಿಲ್ಲ.

ಹಾಗಾದರೆ ಇದು ಕನ್ನಡಕ್ಕೆ ಯಾಕೆ ಬರಲಿಲ್ಲ? ಮೊದಲ ಉತ್ತರ ನಮ್ಮ ಸಾಹಿತ್ಯ ವಲಯದಲ್ಲಿದೆ. “ಯಾಕವಾ, ಪಿಎಚ್.ಡಿ. ಮಾಡಾಕಿ ನೀ, ಇನ್ನೂ ಕಾರ್ಟೂನ ನೋಡ್ತೀಯಲ್ಲ?” ಎಂಬ ಮಾತನ್ನು ನಾನು ಕೇಳದ ವಿಚಾರ ಸಂಕಿರಣವಿಲ್ಲ. ಕೇಳಿದವರಲ್ಲಿ ಬಹುತೇಕರು ‘ತೊತ್ತೋ-ಚಾನ್’ ಓದಿ ಕಣ್ಣು ಒದ್ದೆ ಮಾಡಿಕೊಂಡವರು. ತೆತ್ಸುಕೊ ಕುರೊಯಾನಗಿಯ ಆ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಗೆ ಕನ್ನಡದಲ್ಲಿ ಕೊಟ್ಟಿತು. ಜಪಾನಿನ ರೈಲು ಡಬ್ಬಿಯ ಶಾಲೆ ನಮ್ಮ ಕನ್ನಡ ಶಾಲೆಯ ಮಾಸ್ತರರ ಕನಸಾಯಿತು. 2023ರ ಡಿಸೆಂಬರಿನಲ್ಲಿ ಅದೇ ಪುಸ್ತಕ ಜಪಾನಿನಲ್ಲಿ ಅನಿಮೆ ಚಿತ್ರವಾಗಿ ಬಂದಿದೆ. ಪುಸ್ತಕವಾದರೆ ಸಾಹಿತ್ಯ, ಅದೇ ಚಿತ್ರವಾಗಿ ಓಡಾಡಿದರೆ ಹುಡುಗಾಟ ಎನ್ನುವುದು ಯಾವ ಮೀಮಾಂಸೆ? ನಮ್ಮ ಪಾರಿಜಾತದ ಬಗ್ಗೆಯೂ ಓದಿದವರು ಒಂದು ಕಾಲಕ್ಕೆ ಹೀಗೇ ಮೂಗು ಮುರಿದಿದ್ದರು. ಈಗ ಅದೇ ಪಾರಿಜಾತದ ಮೇಲೆ ನಾನು ಸಂಶೋಧನೆ ಮಾಡಿದರೆ ಬೆನ್ನು ತಟ್ಟುತ್ತಾರೆ.

ಎರಡನೆಯ ಉತ್ತರ ಡಬ್ಬಿಂಗ್ ವಿರೋಧ. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಡಬ್ಬಿಂಗ್ ಬೇಡ ಎಂದಾಗ ಅವರ ಮುಂದೆ ಒಂದು ನಿಜವಾದ ಆತಂಕ ಇತ್ತು. ಕನ್ನಡ ಚಿತ್ರರಂಗ ಆಗ ಎಳೆಯದು, ಕಲಾವಿದರಿಗೆ ಕೆಲಸವಿರಲಿಲ್ಲ. ಆ ಆತಂಕಕ್ಕೆ ನನ್ನ ಗೌರವವಿದೆ. ಆದರೆ ತಾತ್ಕಾಲಿಕ ಬೇಲಿ ಎಂದು ಹಾಕಿದ್ದು ಐವತ್ತು ವರ್ಷ ಗೋಡೆಯಾಗಿ ನಿಂತಿತು. ಯಾವ ಕಾನೂನೂ ಇಲ್ಲದೆ ನಡೆದ ಈ ನಿಷೇಧ ಸ್ಪರ್ಧೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರ ಜುಲೈನಲ್ಲಿ. ಗೋಡೆ ಬಿರುಕು ಬಿಟ್ಟ ಮೇಲೆ ಏನಾಯಿತು? 2020ರಲ್ಲಿ ‘ಮಹಾನಾಯಕ’ ಎಂಬ ಅಂಬೇಡ್ಕರ್ ಧಾರಾವಾಹಿ ಹಿಂದಿಯಿಂದ ಕನ್ನಡಕ್ಕೆ ಡಬ್ ಆಗಿ ಬಂದಾಗ ಹಳ್ಳಿಗಳಲ್ಲಿ ಜನ ಅದಕ್ಕೆ ಬ್ಯಾನರ್ ಕಟ್ಟಿದರು. ಟಿವಿ ಧಾರಾವಾಹಿಗೆ ಊರಿನವರೇ ಬ್ಯಾನರ್ ಕಟ್ಟಿದ್ದು ನಾನಂತೂ ಅದಕ್ಕೆ ಮುಂಚೆ ಕಂಡಿರಲಿಲ್ಲ. ಕನ್ನಡ ಇದರಿಂದ ಬಡವಾಯಿತೋ, ಶ್ರೀಮಂತವಾಯಿತೋ?

ಇನ್ನೂ ಒಂದು ಮಾತು. ಡಬ್ಬಿಂಗ್ ಬಂದರೆ ಮೂಲ ಕನ್ನಡ ಕೃತಿ ಸಾಯುತ್ತದೆ ಎನ್ನುತ್ತಾರಲ್ಲ, ಅನಿಮೆಯ ಎದುರು ಸಾಯಬೇಕಾದ ಕನ್ನಡದ ಅನಿಮೇಷನ್ ಸರಣಿ ಯಾವುದು? ಇದ್ದರೆ ತೋರಿಸಿ, ನಾನೇ ಮೊದಲ ಚಂದಾದಾರಳಾಗುತ್ತೇನೆ. ಇಲ್ಲದ ಬೆಳೆಗೆ ಬೇಲಿ ಹಾಕಿ ಕೂತಿದ್ದೇವೆ. ಬೇಲಿಯ ಈಚೆ ಉಳಿದ ಮಕ್ಕಳು ಹಿಂದಿಗೆ ಹೋದರು.

ಹೊರಗಿನದು ನುಗ್ಗಿದಾಗ ಏನು ಮಾಡಬೇಕು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಪಾಠವೊಂದಿದೆ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಎರಡೂ ಮರಾಠಿ ಮನೆತನಗಳ ಸಂಸ್ಥಾನಗಳು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಕನ್ನಡ ನಾಡಿಗೆ ಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಇಡೀ ಸೀಮೆಯ ಕನ್ನಡಿಗರು ನಾಟಕ ಎಂದರೆ ಮರಾಠಿ ಕಂಪನಿಗಳ ನಾಟಕವನ್ನೇ ನೋಡುತ್ತಿದ್ದರು. ಗದಗ ಸೀಮೆಯ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮರಾಠಿ ನಾಟಕ ಬರದಂತೆ ತಡೆಯಲು ಹೋಗಲಿಲ್ಲ. ಕನ್ನಡದಲ್ಲಿ ‘ಉಷಾಹರಣ’ ಬರೆದರು, ಮಂಡಳಿ ಕಟ್ಟಿದರು, ಆಡಿಸಿದರು. ಮರಾಠಿ ರಂಗದ ಮಟ್ಟು, ಪರದೆ, ಸಂಗೀತಗಳನ್ನು ಕನ್ನಡಕ್ಕೆ ಒಗ್ಗಿಸಿಕೊಂಡೇ ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿ ಬೆಳೆಯಿತು. ಜನ ನೋಡುತ್ತಿದ್ದುದನ್ನು ಅವರ ಭಾಷೆಯಲ್ಲಿ ಕೊಡುವುದು ಕನ್ನಡ ಕಟ್ಟುವ ಕೆಲಸ ಎಂಬುದು ಆಗಿನವರಿಗೆ ಗೊತ್ತಿತ್ತು.

ಮೂರನೆಯ ಉತ್ತರ ಕಂಪನಿಗಳದು: ಕನ್ನಡಕ್ಕೆ ಮಾರುಕಟ್ಟೆ ಇಲ್ಲ, ಕನ್ನಡಿಗರು ಹೇಗೂ ಬೇರೆ ಭಾಷೆಯಲ್ಲಿ ನೋಡುತ್ತಾರೆ. ಈ ಲೆಕ್ಕದ ಮೋಸ ನೋಡಿ. ರಬಕವಿಯ ಮಗು ಹಿಂದಿಯಲ್ಲಿ ನೋಡಿದರೆ ಅದು ಹಿಂದಿಯ ಪ್ರೇಕ್ಷಕ ಎಂದು ಎಣಿಕೆಯಾಗುತ್ತದೆ. ಜಮಖಂಡಿಯ ವಿದ್ಯಾರ್ಥಿನಿ ಇಂಗ್ಲಿಷ್ ಸಬ್‌ಟೈಟಲ್ ಇಟ್ಟರೆ ಇಂಗ್ಲಿಷಿನ ಪ್ರೇಕ್ಷಕಿ. ಮೆಮೊರಿ ಕಾರ್ಡಿನಲ್ಲಿ ನೋಡಿದವನು ಎಣಿಕೆಗೇ ಸಿಗುವುದಿಲ್ಲ. ಕನ್ನಡದಲ್ಲಿ ಕೊಡದೇ ಇದ್ದು, ಕನ್ನಡದಲ್ಲಿ ಯಾರೂ ನೋಡುತ್ತಿಲ್ಲ ಎನ್ನುವುದು ಬಾವಿ ತೋಡದೆ ನೀರಿಲ್ಲ ಎಂದಂತೆ.

ಇದರ ಫಲ ಎಷ್ಟು ವಿಚಿತ್ರವಾಗಿದೆ ಎಂಬುದಕ್ಕೆ ಒಂದೇ ಸಂಗತಿ ಸಾಕು. ಯೂಗೊ ಸಾಕೊ ಎಂಬ ಜಪಾನಿ ನಿರ್ದೇಶಕ ನಮ್ಮವರ ಜೊತೆ ಸೇರಿ ರಾಮಾಯಣವನ್ನು ಅನಿಮೆ ಮಾಡಿದ. ಆ ಚಿತ್ರ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ನ ‘ಇನ್ಫಿನಿಟಿ ಕ್ಯಾಸಲ್’ ಬಂದಾಗಲೂ ಜಪಾನಿಯ ಜೊತೆಗೆ ಈ ನಾಲ್ಕೇ ಭಾಷೆಗಳು. ಎರಡನೆಯದನ್ನು ಬಿಡಿ. ನಾಗಚಂದ್ರನಿಂದ ಕುವೆಂಪುವರೆಗೆ ಶತಮಾನಗಳ ಕಾಲ ರಾಮಾಯಣ ಬರೆಯುತ್ತಲೇ ಬಂದ ಭಾಷೆ ನಮ್ಮದು. ತೊರವೆ ರಾಮಾಯಣದ ತೊರವೆ ಪಕ್ಕದ ವಿಜಯಪುರ ಜಿಲ್ಲೆಯಲ್ಲೇ ಇದೆ. ಆ ಸೀಮೆಯ ಮಗು ರಾಮನ ಅನಿಮೆ ನೋಡಲು ಹಿಂದಿಗೋ ತೆಲುಗಿಗೋ ಹೋಗಬೇಕು. ಕನ್ನಡ ಉಳಿಸಿ ಎಂದು ನವೆಂಬರಿನಲ್ಲಿ ಭಾಷಣ ಮಾಡುವವರು ಜನವರಿಯಲ್ಲಿ ಎಲ್ಲಿದ್ದರು?

ಇನ್ನು ನಮ್ಮ ಅಭಿಮಾನಿ ಬಳಗದವರಿಗೂ ಎರಡು ಮಾತು. ಅನಿಮೆಯನ್ನು ಡಬ್‌ನಲ್ಲಿ ನೋಡುವವರು ನಿಜವಾದ ಅಭಿಮಾನಿಗಳಲ್ಲ, ಜಪಾನಿ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್ಲೇ ಶುದ್ಧ ಎನ್ನುವ ಮಡಿವಂತರು ಇದ್ದಾರೆ. ಭಾರತಕ್ಕೆ ಬಂದಾಗ 49,990 ರೂಪಾಯಿ ಇದ್ದ ಪ್ಲೇಸ್ಟೇಷನ್ 5, ಒಂದೊಂದಕ್ಕೆ ನಾಲ್ಕೈದು ಸಾವಿರದ ಆಟಗಳು, ಕಪಾಟು ತುಂಬ ಬೊಂಬೆಗಳು, ಇವನ್ನೇ ಅಭಿಮಾನದ ಅಳತೆಗೋಲು ಮಾಡಿಕೊಂಡವರೂ ಇದ್ದಾರೆ. ಜಪಾನಿ ಧ್ವನಿ ಚಂದ, ಒಪ್ಪುತ್ತೇನೆ. ಹಾಗಿದ್ದರೆ ಅದರ ಕೆಳಗೆ ಕನ್ನಡದ ಅಕ್ಷರ ಓಡಲಿ, ನನ್ನ ಅಡ್ಡಿಯಿಲ್ಲ. ಆದರೆ ಅಕ್ಷರ ಬಾರದ ಆಯಿಗೂ, ಮಗ್ಗದ ಮುಂದೆ ಕೈ ಆಡಿಸುತ್ತ ಕಿವಿಯಲ್ಲೇ ಕಥೆ ಕೇಳುವ ನನ್ನ ಅಪ್ಪನಿಗೂ ಡಬ್ಬಿಂಗೇ ಬೇಕು. ಶುದ್ಧತೆಯ ಮಾತು ಆಡುವವರಿಗೆ ಇಂಗ್ಲಿಷ್ ಪುಕ್ಕಟೆ ಸಿಕ್ಕಿದೆ, ಅದಕ್ಕೇ ಅದರ ಬೆಲೆ ಗೊತ್ತಿಲ್ಲ.

ಹಾಗಾದರೆ ಮೆಮೊರಿ ಕಾರ್ಡಿನ ನಕಲು ಸರಿಯೇ ಎಂದು ಕೇಳುವಿರಿ. ಕಳ್ಳ ನಕಲಿಗೆ ಮದ್ದು ಬೈಗುಳವಲ್ಲ, ಒಳ್ಳೆಯ ಸೇವೆ ಎಂಬ ಅರ್ಥದ ಮಾತನ್ನು ಸ್ಟೀಮ್ ಕಟ್ಟಿದ ಗೇಬ್ ನ್ಯೂವೆಲ್ ಬಹಳ ಹಿಂದೆಯೇ ಆಡಿದ್ದಾನೆ. ನಮಗೆ ಅಷ್ಟು ದೂರವೂ ಹೋಗಬೇಕಿಲ್ಲ. ಮುಧೋಳದ ರನ್ನ ಬಳೆಗಾರರ ಮನೆಯ ಹುಡುಗ. ಅವನಿಂದ 993ರಲ್ಲಿ ‘ಅಜಿತಪುರಾಣ’ ಬರೆಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಓಲೆಪ್ರತಿಗಳನ್ನು ತನ್ನ ಖರ್ಚಿನಲ್ಲಿ ಮಾಡಿಸಿ ಹಂಚಿದಳು. ಬರೆಯುವವನ ಹೊಟ್ಟೆ ತುಂಬಬೇಕು, ಪ್ರತಿ ಮಾಡಿದವನಿಗೂ ಕೂಲಿ ಸಿಗಬೇಕು, ಓದುವವನಿಗೆ ಭಾರವಾಗಬಾರದು. ಈ ಮೂರನ್ನೂ ಅವಳು ಒಟ್ಟಿಗೆ ಮಾಡಿದಳು. ಕಳ್ಳ ನಕಲಿನಲ್ಲಿ ಮೊದಲನೆಯದು ಇಲ್ಲ, ಅದಕ್ಕೇ ಅದು ಪರಿಹಾರವಲ್ಲ. ಆದರೆ ಅತ್ತಿಮಬ್ಬೆಯ ಜಾಗದಲ್ಲಿ ಇವತ್ತು ಯಾರಿದ್ದಾರೆ? ಯಾರೂ ಇಲ್ಲದಲ್ಲಿ ಹತ್ತು ರೂಪಾಯಿಯ ಮೆಮೊರಿ ಕಾರ್ಡ್ ಬಂದು ಕೂರುತ್ತದೆ.

ಆ ಜಾಗದಲ್ಲಿ ಕೂರಬೇಕಾದವರು ಇದ್ದಾರೆ. ಅನುವಾದಕ್ಕೆಂದೇ ನಮ್ಮ ಸರ್ಕಾರ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇಟ್ಟುಕೊಂಡಿದೆ. ಸಬ್‌ಟೈಟಲ್ ಕೂಡ ಅನುವಾದ, ವಿಡಿಯೋ ಗೇಮಿನ ಮಾತುಗಳೂ ಅನುವಾದವಾಗಬೇಕಾದ ಪಠ್ಯ ಎಂದು ಅದು ಒಪ್ಪಿಕೊಳ್ಳಲಿ. ಹಕ್ಕುದಾರರ ಜೊತೆ ಕೂತು ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕನ್ನಡಕ್ಕೆ ತರಲಿ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ. ರಬಕವಿ-ಬನಹಟ್ಟಿಯ, ಬೀಳಗಿಯ ಗ್ರಂಥಾಲಯಗಳಲ್ಲಿ ಕನ್ನಡದ ಮಾಂಗಾ ಪುಸ್ತಕಗಳಿಗೆ ಒಂದು ಕಪಾಟು, ಸಂಜೆ ಎಲ್ಲರೂ ಕೂತು ನೋಡುವ ಒಂದು ಪರದೆ ಬೇಡುವುದು ಅತಿಯಾಸೆಯಲ್ಲ. ಕನ್ನಡ ಎಂ.ಎ. ತರಗತಿಯ ಭಾಷಾಂತರ ಪತ್ರಿಕೆಯಲ್ಲಿ ಸಾನೆಟ್ಟಿನ ಅನುವಾದದ ಜೊತೆಗೆ ಇಪ್ಪತ್ತು ನಿಮಿಷದ ಒಂದು ಕಂತಿನ ಸಬ್‌ಟೈಟಲ್ ಮಾಡಿಸಲಿ. ಎರಡು ಸೆಕೆಂಡಿನಲ್ಲಿ ಓದಿ ಮುಗಿಯುವ ಕನ್ನಡ ಬರೆಯುವುದು ಎಷ್ಟು ಕಷ್ಟ, ಎಷ್ಟು ರುಚಿ ಎಂಬುದು ಮಾಡಿದವರಿಗೇ ಗೊತ್ತಾಗುತ್ತದೆ.

ಓದುತ್ತಿರುವ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ಪ್ರಾಧಿಕಾರ, ಕಂಪನಿ ಎಲ್ಲ ಎದ್ದು ಬರುವವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ನೋಡಿದ ಅನಿಮೆಯ ಬಗ್ಗೆ, ಆಡಿದ ಆಟದ ಬಗ್ಗೆ ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷ್ ಬಾರದ ತಮ್ಮ ತಂಗಿಗೆ ಅರ್ಥವಾಗುವಂತೆ ಬರೆಯಿರಿ. ಚಂದಾ ಕಟ್ಟುವಾಗ ಕಂಪನಿಗೆ ಕನ್ನಡ ಕೇಳಿ ಒಂದು ಪತ್ರ ಹಾಕಿ. ಕೇಳಿದರೆ ಸಿಗುತ್ತದೆಯೇ ಎನ್ನಬೇಡಿ. 2019ರಲ್ಲಿ ‘ವೆದರಿಂಗ್ ವಿತ್ ಯೂ’ ಚಿತ್ರ ಭಾರತದ ಚಿತ್ರಮಂದಿರಕ್ಕೆ ಬಂದದ್ದೇ ಇಲ್ಲಿನ ಅಭಿಮಾನಿಗಳು ಸಾವಿರಾರು ಸಹಿ ಹಾಕಿ ಬೇಡಿಕೊಂಡ ಮೇಲೆ. ಆ ಸಹಿಗಳಲ್ಲಿ ಕನ್ನಡ ಬೇಕು ಎಂದವರು ಎಷ್ಟಿದ್ದರೋ. ಮುಂದಿನ ಸಲ ನಮ್ಮ ಎಣಿಕೆ ಬೇರೆಯಾಗಿ ಕಾಣಲಿ.